ಚೌಕಟ್ಟಿನ ಪರೀಕ್ಷೆ

ಅಮೆರಿಕದ ಫೋರ್ಡ್ ಕಂಪನಿಯು 1908ರಿಂದ 1927ರವರೆಗೆ ‘ಮಾಡೆಲ್ ಟಿ’ ಎಂಬ ಕಾರನ್ನು ಒಂದೂವರೆ ಕೋಟಿಗೂ ಮಿಕ್ಕಿ ತಯಾರಿಸಿತು. ಅವುಗಳಲ್ಲಿ ಅಳಿದುಳಿದವನ್ನು ಹಳೆಯ ವಾಹನಗಳಲ್ಲಿ ಅಭಿರುಚಿಯುಳ್ಳವರು ಇಂದಿಗೂ ಜೀರ್ಣೋದ್ಧಾರ ಮಾಡುತ್ತಿದ್ದಾರೆ.

ಇಂತಹ ಕಾರಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅನುಭವವಿಲ್ಲದವನು ಬಾಗಿಲನ್ನೇ ದೂಷಿಸಿ, ಅದರ ಕೀಲುಗಳನ್ನು ಬಡಿದು ಬಗ್ಗಿಸುತ್ತಾನೆ. ನುರಿತ ಕುಶಲಕರ್ಮಿಯಾದರೋ ಮೊದಲು ಅಡಿಯಲ್ಲಿರುವ ಉಕ್ಕಿನ ಚೌಕಟ್ಟನ್ನು, ಅಂದರೆ ಚಾಸಿಯನ್ನು ಪರೀಕ್ಷಿಸುತ್ತಾನೆ. ಎರಡು ನೀಳವಾದ ತೊಲೆಗಳನ್ನು ಅಡ್ಡಪಟ್ಟಿಗಳು ಬಂಧಿಸಿರುವ ಈ ಚೌಕಟ್ಟಿನ ಆಕಾರ ಆಯತ. ಆತನು ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಡಬಲ ತೊಲೆಗಳಲ್ಲಿ ಎದುರುಬದುರಾಗಿರುವ ನಾಲ್ಕು ರಂಧ್ರಗಳಿಂದ ತೂಗುಗುಂಡನ್ನು ಇಳಿಬಿಟ್ಟು, ಅದು ತೋರಿದ ಬಿಂದುಗಳನ್ನು ಸೀಮೆಸುಣ್ಣದಿಂದ ಗುರುತಿಸುತ್ತಾನೆ. ಬಳಿಕ ಎರಡೂ ಕರ್ಣಗಳನ್ನು ಅಳೆಯುತ್ತಾನೆ. ಆಯತದ ಕರ್ಣಗಳು ಸಮವಷ್ಟೆ! ಅವು ಭಿನ್ನವಾದರೆ, ಹಿಂದೆಂದೋ ತಗುಲಿದ ಪೆಟ್ಟಿಗೆ ಒಂದು ತೊಲೆ ಜರುಗಿ, ಚೌಕಟ್ಟು ಓರೆಯಾಗಿದೆಯೆಂದು ತಿಳಿಯಬೇಕು.

ಕರ್ಣಗಳು ಸಮವಾದ ಮಾತ್ರಕ್ಕೆ ಪರೀಕ್ಷೆ ಮುಗಿಯದು. ಚೌಕಟ್ಟಿನ ಒಂದು ಮೂಲೆ ಮೇಲೆದ್ದು ತಿರುಚಿಕೊಂಡಿದ್ದರೆ ನೆಲದ ಗುರುತುಗಳು ಅದನ್ನು ಹೇಳಲಾರವು. ಆದುದರಿಂದ ಮುಂದೊಮ್ಮೆ, ಹಿಂದೊಮ್ಮೆ ರಸಮಟ್ಟವನ್ನು ಅಡ್ಡವಿಟ್ಟು ಹೋಲಿಸುತ್ತಾನೆ.

ಚೌಕಟ್ಟನ್ನು ನೆಟ್ಟಗೆ ಮಾಡದೆ ಬಾಗಿಲನ್ನು ಬಗ್ಗಿಸಿ ಕೂರಿಸಿದರೆ ಸರಿಯಿದ್ದ ಬಾಗಿಲು ಕೆಡುತ್ತದೆ. ಚಕ್ರಗಳೂ ನೇರವಾಗಿ ಓಡವು. ದೋಷ ತೋರುವ ಸ್ಥಳವೊಂದು, ಅದರ ಮೂಲವೊಂದು.