ಪಾಲಿಥೀನ್ ಹಾಳೆ: ಅರಿತು ಕೊಳ್ಳಿರಿ, ಅರಿತು ಬಳಸಿರಿ

ವಿಶ್ವವಿದ್ಯಾನಿಲಯಗಳಲ್ಲಿ ವಸ್ತುವಿಜ್ಞಾನದ ವಿಚಾರಸಂಕಿರಣಗಳು ಆಗಿಂದಾಗ್ಗೆ ನಡೆಯುತ್ತಿರುತ್ತವೆ. ವಿಜ್ಞಾನಿಗಳು ತಾವು ಹೊಸದಾಗಿ ತಯಾರಿಸಿದ ಲೋಹ, ಪಿಂಗಾಣಿ, ಪ್ಲಾಸ್ಟಿಕ್, ನಾರು ಮೊದಲಾದ ವಸ್ತುಗಳ ಗುಣಗಳನ್ನು ಅಲ್ಲಿ ವಿವರಿಸುತ್ತಾರೆ, ಮಾದರಿಗಳನ್ನು ಪ್ರದರ್ಶನಕ್ಕಿಡುತ್ತಾರೆ. ಇದಕ್ಕೂ ಬೇಸಾಯಕ್ಕೂ ಏನು ಸಂಬಂಧವೆಂದು ರೈತ ಬಾಂಧವರು ಕೇಳಬಹುದು. ಹನಿ ನೀರಾವರಿಯ ನಳಿಕೆ, ಕೃಷಿ ಹೊಂಡದ ಒಳಹಾಸು, ತರಕಾರಿ ಮಡಿಯ ಹೊದಿಕೆ, ಹಸಿರುಮನೆಯ ಮೇಲ್ಹೊದಿಕೆ, ಕಾಳು ತುಂಬುವ ಚೀಲ, ಇವೆಲ್ಲವೂ ಒಂದು ಕಾಲದಲ್ಲಿ ಪ್ರಯೋಗಶಾಲೆಯ ಮಾದರಿಗಳೇ ಆಗಿದ್ದವು.

ಇವುಗಳಲ್ಲಿ ಹೆಚ್ಚಿನವು ಪಾಲಿಥೀನ್ ಎಂಬ ಒಂದೇ ವಸ್ತುವಿನಿಂದ ಆದವು. ರೈತನು ಬೀಜವನ್ನು ಪರೀಕ್ಷಿಸಿ ಕೊಳ್ಳುತ್ತಾನೆ, ಎತ್ತನ್ನು ಹಲ್ಲು ನೋಡಿ ಕೊಳ್ಳುತ್ತಾನೆ. ಸಾವಿರಾರು ರೂಪಾಯಿ ಬೆಲೆಬಾಳುವ ಹಾಳೆಯನ್ನು ಮಾತ್ರ ಬಣ್ಣ ನೋಡಿ ಕೊಳ್ಳುವುದುಂಟು. ಎರಡೇ ವರ್ಷಕ್ಕೆ ಹಾಳೆ ಸೀಳಿದಾಗ ನಷ್ಟವಾಗುವುದು ಹಾಳೆಯ ಬೆಲೆಯಷ್ಟೇ ಅಲ್ಲ. ಹೊಂಡದ ನೀರು, ಅದನ್ನು ನಂಬಿದ ಬೆಳೆ ಎರಡೂ ಹೋಗುತ್ತವೆ. ಆದ್ದರಿಂದ ಈ ವಸ್ತುವಿನ ಗುಣಾವಗುಣಗಳನ್ನು ತಿಳಿದುಕೊಳ್ಳುವುದು ಅವಶ್ಯಕ.

ಯಾರೂ ಗಮನಿಸದ ಒಂದು ಮಾತು

1933ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬ ವಿಜ್ಞಾನಿಗಳು ಎಥಿಲೀನ್ ಅನಿಲವನ್ನು ಬೇರೊಂದು ರಾಸಾಯನಿಕದೊಡನೆ ಅತಿ ಹೆಚ್ಚಿನ ಒತ್ತಡಕ್ಕೆ ಗುರಿಪಡಿಸಿದರು. ಪಾತ್ರೆಯಲ್ಲಿ ಬಿಳಿಯ, ಮೇಣದಂಥ ಪುಡಿ ಕಂಡಿತು. ಅದರ ತೂಕ ಅರ್ಧ ಗ್ರಾಮಿಗಿಂತಲೂ ಕಡಿಮೆ. ಮತ್ತೆ ಪ್ರಯೋಗ ಮಾಡಿದಾಗ ಉಪಕರಣವೇ ಸಿಡಿಯಿತು.

1935ರ ಸೆಪ್ಟೆಂಬರಿನಲ್ಲಿ ಫ್ಯಾರಡೆ ಸೊಸೈಟಿಯು ಇಂಥ ದೊಡ್ಡ ಅಣುಗಳ ವಿಷಯವಾಗಿ ಕೇಂಬ್ರಿಡ್ಜಿನಲ್ಲಿ ವಿಚಾರಗೋಷ್ಠಿಯನ್ನು ಏರ್ಪಡಿಸಿತ್ತು. ಆ ಶಾಸ್ತ್ರದ ಹೆಸರಾಂತ ವಿದ್ವಾಂಸರು ಅಲ್ಲಿ ಸೇರಿದ್ದರು. ಎಥಿಲೀನಿನಿಂದ ಘನ ವಸ್ತುವೊಂದು ದೊರೆತಿದೆಯೆಂದು ಫಾಸೆಟ್ ಆ ಸಭೆಯಲ್ಲಿ ತಿಳಿಸಿದರು. ಎಥಿಲೀನಿನಿಂದ ಅಂಥ ಉದ್ದ ಅಣುಗಳು ಆಗಲಾರವೆಂಬ ನಂಬಿಕೆ ಆಗ ಬಲವಾಗಿದ್ದುದರಿಂದ ಅವರ ಮಾತಿಗೆ ಬೆಲೆ ಬರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯ ಬೇರೆ ವಿಜ್ಞಾನಿಗಳು ಪ್ರಯೋಗವನ್ನು ಯಶಸ್ವಿಯಾಗಿ ಪುನಃ ಮಾಡಿ ಸುಮಾರು 8 ಗ್ರಾಂ ಪಡೆದರು. ಆ ದಿನ ಉಪಕರಣದಲ್ಲಿ ಸೋರಿಕೆಯಿದ್ದುದರಿಂದ ಹೊಸ ಅನಿಲವನ್ನು ಸೇರಿಸಬೇಕಾಯಿತು. ಅದರೊಡನೆ ಬಂದ ಅತ್ಯಲ್ಪ ಆಮ್ಲಜನಕವೇ ಕ್ರಿಯೆಯನ್ನು ಆರಂಭಿಸಿತೆಂಬುದು ಆಮೇಲೆ ತಿಳಿಯಿತು. 1939ರಲ್ಲಿ ಕಾರ್ಖಾನೆಯ ತಯಾರಿಕೆ ಪ್ರಾರಂಭವಾಯಿತು.

ಇದರಿಂದ ನಾವು ಗ್ರಹಿಸಬೇಕಾದ ಅಂಶ ಒಂದಿದೆ. ಸಭೆಯಲ್ಲಿ ಮೆಚ್ಚುಗೆ ಪಡೆದುದೆಲ್ಲ ಹೊಲಕ್ಕೆ ಬರುವುದಿಲ್ಲ. ಸಭೆಯಲ್ಲಿ ಕಡೆಗಣಿಸಿದ್ದು ಹೊಲವನ್ನೇ ತುಂಬಬಹುದು. ವಸ್ತುವಿನ ಬೆಲೆಯನ್ನು ನಿರ್ಧರಿಸುವುದು ಪದೇ ಪದೇ ಮಾಡಿದ ಪರೀಕ್ಷೆಯೇ ಹೊರತು ಹೇಳಿಕೆಯಲ್ಲ.

ಒಂದೇ ಮೂಲ, ಬೇರೆ ಬೇರೆ ಗುಣ

ಎಥಿಲೀನಿನ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದವಾದ ಸರಪಳಿಯಾದಾಗ ಪಾಲಿಥೀನ್ ಆಗುತ್ತದೆ. ಹೆಚ್ಚಿನ ಒತ್ತಡದಲ್ಲಿ ತಯಾರಾದ ಸರಪಳಿಗೆ ಅಲ್ಲಲ್ಲಿ ಕವಲುಗಳಿರುತ್ತವೆ. ಜಾಲಿ ಮುಳ್ಳಿನ ಕೊಂಬೆಗಳನ್ನು ಒಟ್ಟಿದರೆ ನಡುವೆ ಎಡೆ ಉಳಿಯುವಂತೆ ಈ ಅಣುಗಳು ಒತ್ತಾಗಿ ಕೂಡಲಾರವು. ಆದ್ದರಿಂದ ಇದು ಮೆತ್ತಗೆ, ಹಗುರ, ಬಾಗುವ ಗುಣದ್ದು. ಇದನ್ನು ಕಡಿಮೆ ಸಾಂದ್ರತೆಯ ಪಾಲಿಥೀನ್ ಎನ್ನುತ್ತಾರೆ.

1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಎಂಬ ವಿಜ್ಞಾನಿ ಕಡಿಮೆ ಒತ್ತಡದಲ್ಲಿಯೇ ಹೆಚ್ಚು ಕವಲಿಲ್ಲದ ನೇರ ಸರಪಳಿಗಳನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದರು. 1963ರಲ್ಲಿ ಅವರಿಗೂ ಇಟಲಿಯ ಜೂಲಿಯೊ ನಟ್ಟಾ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ರಾಗಿ ಹುಲ್ಲನ್ನು ಸಾಲಾಗಿ ಜೋಡಿಸಿ ಕಟ್ಟಿದ ಹೊರೆಯಂತೆ ನೇರ ಸರಪಳಿಗಳು ಒತ್ತಾಗಿ ಕೂಡುತ್ತವೆ. ಇದೇ ಹೆಚ್ಚು ಸಾಂದ್ರತೆಯ ಪಾಲಿಥೀನ್. ಇದು ಗಟ್ಟಿ, ಬಿರುಸು. ಗಾಳಿಯನ್ನು ಸಹ ಸುಲಭವಾಗಿ ಹಾಯಗೊಡುವುದಿಲ್ಲ. ನೀರಿನ ಕೊಳವೆ, ಹೊಂಡದ ಒಳಹಾಸುಗಳಿಗೆ ಇದು ಸೂಕ್ತ. ಹನಿ ನೀರಾವರಿಯ ನಳಿಕೆ ಮತ್ತು ತೆಳು ಹೊದಿಕೆಗಳಿಗೆ ಬಾಗುವ ಗುಣವೂ ಹರಿಯದ ಗುಣವೂ ಇರುವ ನೇರ ಸರಪಳಿಯ ಕಡಿಮೆ ಸಾಂದ್ರತೆಯ ಜಾತಿಯನ್ನು ಹೆಚ್ಚಾಗಿ ಉಪಯೋಗಿಸುತ್ತಾರೆ.

ಪಾಲಿಥೀನ್ ಯಾವುದು, ಪಿ.ವಿ.ಸಿ. ಯಾವುದು ಎಂಬುದನ್ನು ತಿಳಿಯಲು ಸುಲಭ ಪರೀಕ್ಷೆಯುಂಟು. ಒಂದು ಸಣ್ಣ ಚೂರನ್ನು ಗಾಳಿಗುಳ್ಳೆ ಅಂಟದಂತೆ ನೀರಿನಲ್ಲಿ ಅದ್ದಿ ಬಿಡಿರಿ. ಪಾಲಿಥೀನ್ ತೇಲುತ್ತದೆ, ಪಿ.ವಿ.ಸಿ. ಮುಳುಗುತ್ತದೆ. ಸುಟ್ಟು ನೋಡುವ ಅಭ್ಯಾಸವನ್ನು ಬಿಡಬೇಕು, ಪಿ.ವಿ.ಸಿ. ಉರಿದಾಗ ಕಣ್ಣು, ಗಂಟಲುಗಳನ್ನು ಸುಡುವ ವಿಷಾನಿಲ ಬರುತ್ತದೆ.

ಬಿಸಿಲೇ ಮುಖ್ಯ ಶತ್ರು

ಪಾಲಿಥೀನಿಗೆ ನೀರಿನಿಂದ ಕೇಡಿಲ್ಲ, ಗೆದ್ದಲು ತಿಂದು ಅರಗಿಸಿಕೊಳ್ಳುವುದಿಲ್ಲ. ಅದನ್ನು ಕೆಡಿಸುವುದು ಬಿಸಿಲು. ಸೂರ್ಯನ ಬೆಳಕಿನಲ್ಲಿರುವ ಅತಿನೇರಿಳೆ ಕಿರಣಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಸರಪಳಿಗಳನ್ನು ತುಂಡರಿಸುತ್ತವೆ. ಹುರಿಹಗ್ಗದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದಂತೆ, ಹೊರಗೆ ಏನೂ ಕಾಣದೆ ಒಳಗೆ ಬಲ ಕುಂದುತ್ತದೆ. ಒಂದು ದಿನ ಗಾಳಿ ಬೀಸಿದಾಗ ಹಾಳೆ ಸೀಳಿಹೋಗುತ್ತದೆ.

ಇದನ್ನು ತಡೆಯಲು ಎರಡು ಮಾರ್ಗಗಳಿವೆ. ಮೊದಲನೆಯದು ಇಂಗಾಲದ ಮಸಿ. ನೀರಿನ ಕಪ್ಪು ಕೊಳವೆಗಳಲ್ಲಿ ಶೇಕಡಾ 2ರಿಂದ 3ರಷ್ಟು ನಯವಾದ ಮಸಿಯನ್ನು ಎಲ್ಲ ಕಡೆಗೂ ಸಮನಾಗಿ ಬೆರೆಸಿರುತ್ತಾರೆ. ಅದು ಕಿರಣಗಳನ್ನು ತಾನೇ ಹೀರಿಕೊಂಡು ಸರಪಳಿಯನ್ನು ಕಾಪಾಡುತ್ತದೆ. ಕೊಳವೆಯ ಕಪ್ಪು ಬಣ್ಣ ಅಂದಕ್ಕಲ್ಲ, ಆಯುಸ್ಸಿಗಾಗಿ. ಹಸಿರುಮನೆಗೆ ಬೆಳಕು ಬೇಕಾದುದರಿಂದ ಅಲ್ಲಿ ಮಸಿ ಸಲ್ಲದು. ಬಿಸಿಲು ತಡೆಯುವ ರಾಸಾಯನಿಕಗಳನ್ನು ಬೆರೆಸುತ್ತಾರೆ. ಇವು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಎಷ್ಟು ವರ್ಷದ ಭರವಸೆ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳತಕ್ಕದ್ದು.

ಹಸಿರುಮನೆಯಲ್ಲಿ ಗಂಧಕದ ಪುಡಿ ಅಥವಾ ಗಂಧಕಯುಕ್ತ ಔಷಧಿಗಳನ್ನು ಪದೇ ಪದೇ ಬಳಸಿದರೆ ಈ ರಾಸಾಯನಿಕಗಳ ಶಕ್ತಿ ಕುಗ್ಗಿ ಹಾಳೆ ಬೇಗ ಹಾಳಾಗುತ್ತದೆ. ಕಬ್ಬಿಣದ ಕೊಳವೆಗೆ ತಗಲುವ ಕಡೆ ಹಾಳೆ ಹೆಚ್ಚು ಕಾಯುವುದರಿಂದ ಅಲ್ಲಿಯೇ ಮೊದಲು ಸೀಳುತ್ತದೆ. ಅಂಥ ಕಡೆ ಕೊಳವೆಗೆ ಬಿಳಿ ಬಣ್ಣ ಬಳಿಯುವುದು ಒಳ್ಳೆಯದು.

ದಪ್ಪವನ್ನು ತಕ್ಕಡಿಯಿಂದ ಅಳೆಯಿರಿ

ಹಾಳೆಯ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. 25 ಮೈಕ್ರಾನಿಗೂ 20 ಮೈಕ್ರಾನಿಗೂ ಇರುವ ವ್ಯತ್ಯಾಸ ಕೈಗೆ ತಿಳಿಯದು, ತಕ್ಕಡಿಗೆ ತಿಳಿಯುತ್ತದೆ. ಒಂದು ಚದರ ಮೀಟರ್ ಹಾಳೆಯು ಪ್ರತಿ ಮೈಕ್ರಾನ್ ದಪ್ಪಕ್ಕೆ ಸುಮಾರು 0.92 ಗ್ರಾಂ ತೂಗುತ್ತದೆ. ಈ ಒಂದು ಅಂಕಿಯನ್ನು ನೆನಪಿಟ್ಟರೆ ಸಾಕು.

ಉದಾಹರಣೆಗೆ, 1.2 ಮೀಟರ್ ಅಗಲ, 400 ಮೀಟರ್ ಉದ್ದದ ಹೊದಿಕೆಯ ಸುರುಳಿಯ ವಿಸ್ತೀರ್ಣ 480 ಚದರ ಮೀಟರ್. ಅದು ನಿಜವಾಗಿ 25 ಮೈಕ್ರಾನಿನದಾದರೆ ನಡುವಣ ಕೊಳವೆಯನ್ನು ಬಿಟ್ಟು ಸುಮಾರು 11 ಕಿಲೋಗ್ರಾಂ ತೂಗಬೇಕು. 8.8 ಕಿಲೋಗ್ರಾಂ ಮಾತ್ರ ತೂಗಿದರೆ ಅದು 20 ಮೈಕ್ರಾನಿನ ಹಾಳೆ, ಇಲ್ಲವೆ ಉದ್ದದಲ್ಲಿ ಕಡಿಮೆ. ಆದರೆ ತೂಕ ಸರಿಯಿದ್ದಮಾತ್ರಕ್ಕೆ ನಿಶ್ಚಿಂತೆಯಿಂದ ಇರಲಾಗದು. ಸುಣ್ಣದ ಪುಡಿ ಬೆರೆಸಿಯೂ ತೂಕ ಹೆಚ್ಚಿಸಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಂತೆಯೇ ಕಪ್ಪಗಿರುವುದೆಲ್ಲ ಗಟ್ಟಿ ಹಾಳೆಯಲ್ಲ. ಭಾರತೀಯ ಮಾನಕ ಸಂಸ್ಥೆಯ ಗುರುತನ್ನು ನೋಡಿಯೇ ಕೊಳ್ಳಬೇಕು. ಹೆಚ್ಚು ಸಾಂದ್ರತೆಯ ಪಾಲಿಥೀನ್ ಕೊಳವೆಗೆ ಐ.ಎಸ್. 4984, ಪಿ.ವಿ.ಸಿ. ಕೊಳವೆಗೆ ಐ.ಎಸ್. 4985, ಹನಿ ನೀರಾವರಿಯ ನಳಿಕೆಗೆ ಐ.ಎಸ್. 12786 ಎಂಬ ಸಂಖ್ಯೆಗಳಿರುತ್ತವೆ.

ಕೃಷಿ ಹೊಂಡದ ಒಳಹಾಸು

ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಪ್ರದೇಶಗಳಲ್ಲಿ ಹಾಳೆ ಹಾಸಿದ ಹೊಂಡಗಳು ಹೆಚ್ಚಿದವು. ಇವಕ್ಕೆ ಸಾಮಾನ್ಯವಾಗಿ 500 ಮೈಕ್ರಾನಿನ ಹಾಳೆ ಬಳಸುತ್ತಾರೆ. ಮೇಲ್ಭಾಗದಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳವಿದ್ದು, ಒಂದಕ್ಕೆ ಒಂದರ ಇಳಿಜಾರಿರುವ ಹೊಂಡವನ್ನು ತೆಗೆದುಕೊಳ್ಳೋಣ. ಅಂಚಿನಲ್ಲಿ ಹೂಳಲು ಎಲ್ಲ ಕಡೆಗೂ 1 ಮೀಟರ್ ಬಿಟ್ಟರೆ 25.5 ಮೀಟರ್ ಚೌಕದ, ಅಂದರೆ ಸುಮಾರು 650 ಚದರ ಮೀಟರ್ ಹಾಳೆ ಬೇಕು. ಹೆಚ್ಚು ಸಾಂದ್ರತೆಯ ಪಾಲಿಥೀನ್ ಮೈಕ್ರಾನಿಗೆ ಸುಮಾರು 0.95 ಗ್ರಾಂ ತೂಗುವುದರಿಂದ ಇದರ ತೂಕ ಸುಮಾರು 309 ಕಿಲೋಗ್ರಾಂ ಬರಬೇಕು.

ಹಾಸುವಾಗ ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ಕಲ್ಲು, ಕೂಳೆ, ಬೇರುಗಳನ್ನು ತೆಗೆದು ತಳವನ್ನು ನಯವಾಗಿ ದಮ್ಮಸು ಮಾಡಬೇಕು.

2. ಹಾಳೆಯನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲವಾಗಿ ಹಾಸಬೇಕು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದು ಇದರ ಸ್ವಭಾವ.

3. ನೀರಿನೊಳಗಿನ ಭಾಗಕ್ಕಿಂತ ಬಿಸಿಲಿಗೆ ತೆರೆದ ದಡದ ಭಾಗ ಮೊದಲು ಕೆಡುತ್ತದೆ. ಅಂಚನ್ನು ಕಾಲುವೆ ತೋಡಿ ಹೂತು ಮಣ್ಣು ಮುಚ್ಚಬೇಕು.

4. ನೆನೆದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರುವುದು ಕಷ್ಟ. ಸುತ್ತಲೂ ತಂತಿ ಬೇಲಿ ಹಾಕಿ, ನಾಲ್ಕು ಕಡೆಯೂ ಗಂಟು ಹಾಕಿದ ಗಟ್ಟಿ ಹಗ್ಗವನ್ನು ನೀರಿನವರೆಗೆ ಇಳಿಬಿಡಬೇಕು. ಮಕ್ಕಳಿರುವ ಮನೆಯವರು ಇದನ್ನು ನಾಳೆಗೆ ಮುಂದೂಡಬಾರದು.

ಹೊದಿಕೆ ಮತ್ತು ಕಾಳಿನ ಚೀಲ

ಕಪ್ಪು ಹೊದಿಕೆಯು ಬೆಳಕನ್ನು ತಡೆದು ಕಳೆಯನ್ನು ಹತೋಟಿಯಲ್ಲಿಡುತ್ತದೆ, ತೇವವನ್ನು ಉಳಿಸುತ್ತದೆ. ಮೇಲ್ಮುಖ ಬೆಳ್ಳಿ ಬಣ್ಣದ್ದಾದರೆ ಬೆಳಕು ಪ್ರತಿಫಲಿಸಿ ಹೇನು, ಬಿಳಿನೊಣಗಳು ಎಳೆಯ ಗಿಡದ ಮೇಲೆ ಇಳಿಯುವುದು ಕಡಿಮೆಯಾಗುತ್ತದೆ. ಪಾರದರ್ಶಕ ಹಾಳೆ ಕಳೆಯನ್ನು ತಡೆಯುವುದಿಲ್ಲ. ಆದರೆ ಬೇಸಗೆಯಲ್ಲಿ ನೀರುಣಿಸಿದ ಸಸಿಮಡಿಯ ಮೇಲೆ 4ರಿಂದ 6 ವಾರ ಬಿಗಿಯಾಗಿ ಹೊದಿಸಿದರೆ ಮಣ್ಣು ಕಾದು ಹಲವು ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಯಾವ ಕೆಲಸಕ್ಕೆ ಯಾವ ಬಣ್ಣವೆಂಬುದನ್ನು ತಿಳಿದು ಬಳಸಬೇಕು.

ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ರೈತರ ಅಲಸಂದೆ ಕಾಳಿನ ರಕ್ಷಣೆಗಾಗಿ ಮೂರು ಪದರದ ಚೀಲವೊಂದನ್ನು ರೂಪಿಸಲು ತೊಡಗಿದರು. ಒಳಗೆ ಹೆಚ್ಚು ಸಾಂದ್ರತೆಯ ಪಾಲಿಥೀನಿನ ಎರಡು ಚೀಲಗಳು, ಹೊರಗೆ ನೇಯ್ದ ಚೀಲ. ಬಾಯಿಯನ್ನು ಬಿಗಿದು ಕಟ್ಟಿದಾಗ ಒಳಗಿನ ಹುಳುಗಳೇ ಆಮ್ಲಜನಕವನ್ನು ಮುಗಿಸಿ, ತಿನ್ನುವುದನ್ನೂ ಸಂತಾನವೃದ್ಧಿಯನ್ನೂ ನಿಲ್ಲಿಸುತ್ತವೆ. ಔಷಧಿಯ ಅಗತ್ಯವಿಲ್ಲ. ತೊಗರಿ, ಕಡಲೆ, ಹೆಸರು ಬೆಳೆಯುವ ನಮ್ಮ ರೈತರಿಗೂ ಈ ತತ್ವ ಉಪಯುಕ್ತ. ಕಾಳು ಚೆನ್ನಾಗಿ ಒಣಗಿರಬೇಕು; ಚೀಲದಲ್ಲಿ ಸೂಜಿಯಷ್ಟು ತೂತೂ ಇರಬಾರದು.

ಬಳಸಿದ ಮೇಲೆ ಎಲ್ಲಿಗೆ?

ಚೀನಾ ದೇಶದ ಷಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿ ಹೊಲಗಳಲ್ಲಿ ಬಹಳ ತೆಳುವಾದ ಹೊದಿಕೆಯನ್ನು ವರ್ಷ ವರ್ಷವೂ ಹಾಸಿದರು. ತೆಳು ಹಾಳೆ ಚೂರುಚೂರಾಗಿ ಮಣ್ಣಿನಲ್ಲಿಯೇ ಉಳಿಯಿತು. ಅಂಥ ಚೂರುಗಳು ಬೇರಿಗೂ ನೀರಿಗೂ ಅಡ್ಡ ಬರುತ್ತವೆ. ಕೊನೆಗೆ 2018ರಿಂದ ಅಲ್ಲಿ 10 ಮೈಕ್ರಾನಿಗಿಂತ ತೆಳುವಾದ ಹೊದಿಕೆ ಸಲ್ಲದೆಂದು ಮಾನಕವನ್ನು ಬಿಗಿಗೊಳಿಸಬೇಕಾಯಿತು. ಅಗ್ಗದ ಹಾಳೆಯ ನಿಜವಾದ ಬೆಲೆ ಹೊಲದ ಮಣ್ಣಿನ ಮೇಲೆ ಬೀಳುತ್ತದೆ. ಎತ್ತಿ ಸುತ್ತಿಕೊಳ್ಳಲು ಬರುವಷ್ಟು ಗಟ್ಟಿಯಾದ ಹಾಳೆಯನ್ನೇ ಕೊಂಡು, ಬೆಳೆ ಮುಗಿದೊಡನೆ ತೆಗೆದು ಮರುಬಳಕೆಯವರಿಗೆ ಕೊಡಬೇಕು. ಬದುವಿನಲ್ಲಿ ಸುಡಬಾರದು, ಉತ್ತು ಮುಚ್ಚಬಾರದು.

‘ತಾನಾಗಿ ಕರಗುವ’ ಹಾಳೆಯೆಂದು ಮಾರುವವರಿದ್ದಾರೆ. ಇದರಲ್ಲಿ ಎರಡು ಬಗೆ. ಕೆಲವು ಬಿಸಿಲಿಗೆ ಚೂರಾಗುತ್ತವೆಯೇ ಹೊರತು ಕರಗುವುದಿಲ್ಲ. ಇಂಥವನ್ನು ಯುರೋಪ್ ಒಕ್ಕೂಟ 2021ರಿಂದ ನಿಷೇಧಿಸಿದೆ. ಬೇರೆ ಕೆಲವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನಿಜವಾಗಿ ತಿಂದು ಅರಗಿಸುತ್ತವೆ. ಯುರೋಪಿನ 2018ರ ಮಾನಕದ ಪ್ರಕಾರ ಇವು ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇಕಡಾ 90ರಷ್ಟು ಇಂಗಾಲದ ಡೈ ಆಕ್ಸೈಡ್ ಆಗಿ ಮಾರ್ಪಡಬೇಕು. ‘ಚೂರಾಗುವುದು’ ಬೇರೆ, ‘ಕರಗುವುದು’ ಬೇರೆ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಕೃಷಿ ಮೇಳವಿರಲಿ, ವಿಶ್ವವಿದ್ಯಾನಿಲಯದ ವಸ್ತುಪ್ರದರ್ಶನವಿರಲಿ, ಹೊಸ ವಸ್ತುವಿನ ಮುಂದೆ ನಿಂತಾಗ ರೈತರು ಸಂಕೋಚವಿಲ್ಲದೆ ಕೇಳಬೇಕು: ಇದು ಯಾವುದರಿಂದ ಆಗಿದೆ? ಯಾವ ಕಾರಣದಿಂದ ಕೆಡುತ್ತದೆ? ಬಯಲಿನ ಬಿಸಿಲಿನಲ್ಲಿ ಎಷ್ಟು ಕಾಲ ಪರೀಕ್ಷಿಸಿದ್ದೀರಿ? ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ? ತಿಳಿದವರು ಇವಕ್ಕೆ ಸಂತೋಷದಿಂದ ಉತ್ತರ ಹೇಳುತ್ತಾರೆ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯಲ್ಲಿಯೇ ಒಂದು ಪರೀಕ್ಷೆ ನಡೆಸಬಹುದು. ಹಾಳೆ ಹಾಸಿದ ದಿನ ಅದೇ ಸುರುಳಿಯಿಂದ ಗೇಣಗಲದ ಎರಡು ತುಂಡುಗಳನ್ನು ಕತ್ತರಿಸಿ ದಿನಾಂಕ ಬರೆಯಬೇಕು. ಒಂದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಕಟ್ಟಿ, ಇನ್ನೊಂದನ್ನು ಪೆಟ್ಟಿಗೆಯೊಳಗೆ ಕತ್ತಲಲ್ಲಿಡಬೇಕು. ಆರು ತಿಂಗಳಿಗೊಮ್ಮೆ ಎರಡರಿಂದಲೂ ಬೆರಳಗಲದ ಪಟ್ಟಿ ಕತ್ತರಿಸಿ ಎಳೆದು ನೋಡಬೇಕು. ಬಿಸಿಲಿನ ಪಟ್ಟಿ ಹಿಗ್ಗದೆ ಪಟಕ್ಕನೆ ತುಂಡಾದರೆ ಹೊಂಡದ ದಡದ ಹಾಳೆಯ ಸ್ಥಿತಿಯೂ ಅದೇ ಎಂದು ತಿಳಿದು, ಮಳೆಗಾಲಕ್ಕೆ ಮೊದಲೇ ದುರಸ್ತಿ ಮಾಡಿಸಬಹುದು. ಯಾವ ಅಂಗಡಿಯ ಯಾವ ಹಾಳೆ ಎಷ್ಟು ಕಾಲ ಬಾಳಿತೆಂಬುದನ್ನು ಬರೆದಿಟ್ಟರೆ ಊರಿನ ಇತರ ರೈತರಿಗೂ ಅದರಿಂದ ಪ್ರಯೋಜನವಾಗುತ್ತದೆ.