ಮುಂದಿರುವುದನ್ನು ಹಿಡಿಯಬೇಕೆ? ನಿಧಾನಿಸು

ಮಗಾ, ದಸರಾ ರಜೆಗೆ ಹುಲಿಯೂರುದುರ್ಗಕ್ಕೆ ಬಂದಿದ್ದಾಗ ಜಗಲಿ ಮೇಲೆ ಕೂತು ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್ ಆಡುತ್ತಿದ್ದೆಯಲ್ಲ, ಆವತ್ತೇ ಹೇಳಬೇಕೆಂದಿದ್ದ ಮಾತು ಇದು. ನಿನ್ನ ನೌಕೆಯ ಮುಂದೆ ಇನ್ನೊಂದು ನೌಕೆ ಹೋಗುತ್ತಿತ್ತು. ಅದರತ್ತ ಮೂತಿ ತಿರುಗಿಸಿ ಎಂಜಿನ್ ಉರಿಸಿದೆ. ಮೊದಲು ಹತ್ತಿರವಾದ ಹಾಗೆ ಕಂಡಿತು, ಆಮೇಲೆ ನಿನ್ನದು ಮೇಲೇರುತ್ತಾ ಹಿಂದೆ ಬಿತ್ತು. ಮತ್ತೆ ಉರಿಸಿದೆ, ಇನ್ನೂ ಹಿಂದೆ ಬಿತ್ತು. ಇಂಧನ ಮುಗಿಯಿತು. 'ಈ ಆಟವೇ ಸರಿಯಿಲ್ಲ ತಾತ, ಹೋಮ್‌ವರ್ಲ್ಡೇ ವಾಸಿ, ತೋರಿಸಿದ ಕಡೆ ಹೋಗುತ್ತೆ' ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ನೀನು ಸೋತ ಜಾಗದಲ್ಲೇ 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4ರ ಜೇಮ್ಸ್ ಮ್ಯಾಕ್‌ಡಿವಿಟ್ ಕೂಡ ಸೋತಿದ್ದರು. ತಮ್ಮನ್ನು ಮೇಲಕ್ಕೊಯ್ದ ರಾಕೆಟ್ಟಿನ ಕೊನೆಯ ಹಂತ ಕಣ್ಣೆದುರೇ ಇತ್ತು. ಅದರ ಕಡೆಗೇ ನೌಕೆಯನ್ನು ನೂಕಿದರು, ಕೈಗೆ ಸಿಗಲಿಲ್ಲ. ಇಂಧನ ಕರಗುತ್ತಾ ಬಂದಾಗ ಕೈಬಿಟ್ಟರು.

ಕಾರಣವನ್ನು ನಮ್ಮ ದುರ್ಗದ ಬೆಟ್ಟದಿಂದಲೇ ಹೇಳುತ್ತೇನೆ. ನೆತ್ತಿಯ ಮೇಲೆ ನಿಂತು ಕಲ್ಲೆಸೆದರೆ ಕೆಳಗಿನ ಹೊಲಕ್ಕೆ ಬೀಳುತ್ತದೆ, ಬಲವಾಗಿ ಎಸೆದರೆ ಅದರಾಚೆಯ ಹೊಲಕ್ಕೆ. ಗಾಳಿಯ ತಡೆ ಇಲ್ಲವೆಂದುಕೊಂಡು ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಎಸೆ. ಕಲ್ಲು ಬೀಳುತ್ತಲೇ ಇರುತ್ತದೆ, ನೆಲವೂ ಅಷ್ಟಷ್ಟೇ ಬಾಗುತ್ತಾ ಹೋಗುತ್ತದೆ. ಭೂಮಿಯನ್ನೇ ಸುತ್ತಿ ಒಂದೂವರೆ ಗಂಟೆಯೊಳಗೆ ನಿನ್ನ ಬೆನ್ನ ಹಿಂದೆ ಬರುತ್ತದೆ. ಇನ್ನಷ್ಟು ವೇಗ ಕೊಟ್ಟರೆ ಸುತ್ತು ದೊಡ್ಡದಾಗಿ, ತಿರುಗಿ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕೇ, ಅದೇ ಕಕ್ಷೆಯಲ್ಲಿ ಮುಂದಿರುವುದನ್ನು ಹಿಡಿಯಲು ವೇಗ ತಗ್ಗಿಸಿ ಕೆಳಗಿನ ಸಣ್ಣ ಸುತ್ತಿಗೆ ಇಳಿಯಬೇಕು.

ಈ ವಿದ್ಯೆಯನ್ನು ಬೆಂಗಳೂರಿನಲ್ಲಿ ಕೂತು ಮಾಡಿ ತೋರಿಸಿದವರಿದ್ದಾರೆ. ಇಸ್ರೋದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು, ಒಂದೊಂದೂ ಸುಮಾರು 220 ಕೆಜಿ, 2024ರ ಡಿಸೆಂಬರ್ 30ರಂದು ಹಾರಿದವು. ಜನವರಿ 9ಕ್ಕೆ ಕಕ್ಷೆಯಲ್ಲೇ ಅವೆರಡರ ಜೋಡಣೆ ಎಂದಿತ್ತು. 225 ಮೀಟರ್ ಅಂತರಕ್ಕೆ ತರುವಾಗ ಅಂದಾಜಿಗಿಂತ ಹೆಚ್ಚು ಸರಿದವು, ಮುಂದಕ್ಕೆ ಹಾಕಿದರು. 12ರಂದು ಪರೀಕ್ಷೆಗೆಂದು 3 ಮೀಟರ್‌ವರೆಗೂ ತಂದರು. ನಮ್ಮ ಜಗಲಿಯಷ್ಟೂ ಇಲ್ಲ ಆ ಅಂತರ. ಆದರೂ ಆತುರ ಪಡದೆ ಹಿಂದಕ್ಕೆ ಸರಿಸಿ, ಅಂಕಿಗಳನ್ನು ನೋಡಿ, 16ರಂದು ಕೂಡಿಸಿದರು. ನನ್ನ ಎಣಿಕೆಯಲ್ಲಿ 16ನೇ ತಾರೀಖಿಗಿಂತ 12 ದೊಡ್ಡದು.

ನೀನು ಮುಂದೆ ಇಂಥ ಆಟಗಳನ್ನೇ ಬರೆಯುತ್ತೇನೆ ಎನ್ನುತ್ತೀ. ಬರಿ. ಆದರೆ ಆಕಾಶದ ಲೆಕ್ಕವನ್ನೆಲ್ಲ ಆಟಕ್ಕೆ ತುಂಬಬೇಡ. ಆಡುಹುಲಿ ಆಟದ ಹುಲಿ ಗೆರೆಯ ಮೇಲೆ ಮಾತ್ರ ನಡೆಯುತ್ತದೆ, ಕಾಡಿನ ಹುಲಿ ಹಾಗೆ ನಡೆಯುತ್ತದೆಯೆ? ಯಾರೂ ಅದನ್ನು ತಪ್ಪೆನ್ನಲಿಲ್ಲ. ಆದರೆ ಗೆರೆಯ ಮೇಲೂ ಹುಲಿ ಹಾರಿ ತಿನ್ನುತ್ತದೆ, ಆಡುಗಳು ಒಟ್ಟಾಗಿ ಮುತ್ತುತ್ತವೆ. ಸ್ವಭಾವ ಉಳಿದಿದೆ. ಹೋಮ್‌ವರ್ಲ್ಡ್ ಚೆಂದದ ಆಟವೇ, ಆದರೆ ಅಲ್ಲಿನ ನೌಕೆಗಳ ನಡೆ ಕಕ್ಷೆಯದಲ್ಲ.

ನೀನು ಒಂದು ಸ್ವಭಾವವನ್ನಾದರೂ ಉಳಿಸು. ನನ್ನನ್ನು ಕೇಳಿದರೆ ಹದವನ್ನು ಉಳಿಸು. ರಾಗಿ ಬಿತ್ತಲು ಹದ ಇರುವ ಹಾಗೆ ಮಂಗಳಕ್ಕೆ ಹೊರಡಲೂ ಹದ ಇದೆ, ಸುಮಾರು 26 ತಿಂಗಳಿಗೊಮ್ಮೆ. 2013ರ ನವೆಂಬರ್ 5ರಂದು ಹಾರಿದ ಮಂಗಳಯಾನಕ್ಕೆ ಇದ್ದದ್ದು ಸಣ್ಣ ಎಂಜಿನ್. ಭೂಮಿಯನ್ನು ಸುತ್ತುತ್ತಲೇ ಕಕ್ಷೆಯನ್ನು ಹಂತಹಂತವಾಗಿ ಎತ್ತಿದರು. 11ರಂದು ಎತ್ತಿದ್ದು ಸಾಲದೆ ಬಂತು, ಮರುದಿನವೇ ಇನ್ನೊಮ್ಮೆ ಉರಿಸಿ ಸರಿಪಡಿಸಿದರು. ಡಿಸೆಂಬರ್ 1ರ ಹದ ತಪ್ಪಲಿಲ್ಲ. 2014ರ ಸೆಪ್ಟೆಂಬರ್ 24ಕ್ಕೆ ಮಂಗಳ ಸೇರಿತು. ಆ ಹತ್ತು ತಿಂಗಳನ್ನು ನೀನು ಆಟದಲ್ಲಿ ಹತ್ತು ನಿಮಿಷ ಮಾಡು, ಅಡ್ಡಿಯಿಲ್ಲ. ಹದವನ್ನು ಮಾತ್ರ ಅಳಿಸಬೇಡ. ಯಾವಾಗ ಬೇಕಾದರೂ ಹೊರಡಬಹುದಾದರೆ ದಂಡನಾಯಕನಾಗಿ ಆಡುವವನು ಯೋಚಿಸುವುದಾದರೂ ಏನನ್ನು?

ಸಂಕ್ರಾಂತಿಗೆ ಬಂದಾಗ ಆ ಕೆರ್ಬಲ್ಲನ್ನು ಮತ್ತೆ ತೆಗೆ. ಮೂತಿಯನ್ನು ಹಿಂದಕ್ಕೆ ತಿರುಗಿಸಿ ಎಂಜಿನ್ ಸ್ವಲ್ಪವೇ ಉರಿಸು, ಒಂದು ಸುತ್ತು ಕಾಯಿ. ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ.