ಸೂರ್ಯನ ಬಿರುಗಾಳಿಗೆ ಮುನ್ಸೂಚನೆ ಉಂಟೇ?

ಪ್ರಶ್ನೆ: ‘ಇಂದು ರಾತ್ರಿ ಸೌರ ಬಿರುಗಾಳಿ, ಮೊಬೈಲ್ ಆಫ್ ಮಾಡಿ ದೂರ ಇಡಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥದ್ದನ್ನು ಮಳೆಯ ಹಾಗೆ ಮೊದಲೇ ಹೇಳಲು ಬರುತ್ತದೆಯೇ? ನಮ್ಮ ಬೋರ್‌ವೆಲ್ ಮೋಟರಿಗೆ ಅಪಾಯವಿದೆಯೇ?
— ಹೊಸಕೋಟೆ ತಾಲ್ಲೂಕಿನ ಓದುಗರು

ಉತ್ತರ: ಮೊಬೈಲನ್ನು ದೂರ ಇಡಬೇಕಾಗಿಲ್ಲ. ಮುನ್ಸೂಚನೆಯ ಪ್ರಶ್ನೆಯನ್ನು ಮಾತ್ರ ನೀವು ಸರಿಯಾದ ಊರಿನಿಂದಲೇ ಕೇಳಿದ್ದೀರಿ.

ಸೂರ್ಯನಲ್ಲಿ ನಡೆಯುವುದು ಎರಡು ಬೇರೆ ಸಂಗತಿ. ಸೂರ್ಯಕಲೆಗಳ ಮೇಲೆ ಹುರಿಗೊಂಡ ಕಾಂತಕ್ಷೇತ್ರ ತಟ್ಟನೆ ಬಿಚ್ಚಿಕೊಂಡಾಗ ಎಕ್ಸ್-ಕಿರಣ, ನೇರಳಾತೀತ ಕಿರಣಗಳು ಚಿಮ್ಮುತ್ತವೆ. ಇದು ಸೌರಜ್ವಾಲೆ. 8 ನಿಮಿಷ 20 ಸೆಕೆಂಡಿನಲ್ಲಿ ಅದು ಇಲ್ಲಿಗೆ ತಲುಪುತ್ತದೆ. ಬೆಳಕಿಗಿಂತ ಬೇಗ ಓಡಿಬಂದು ಸುದ್ದಿ ಕೊಡುವವರು ಯಾರೂ ಇಲ್ಲ. ಹಾಗಾಗಿ ಜ್ವಾಲೆ ಕಣ್ಣಿಗೆ ಬಿದ್ದ ಗಳಿಗೆಯೇ ಅದು ನಮ್ಮನ್ನು ತಟ್ಟಿದ ಗಳಿಗೆ. ಕಲೆಗಳ ಗುಂಪು ಎಷ್ಟು ಸಿಕ್ಕಾಗಿದೆ ಎಂದು ನೋಡಿ, ಇಂದು ಜ್ವಾಲೆ ಏಳುವ ಸಂಭವ ಶೇಕಡಾ ಇಷ್ಟು ಎನ್ನಬಹುದು, ಅಷ್ಟೇ.

ಎರಡನೆಯದು ಸೂರ್ಯನ ಹೊರಪ್ರಭೆಯಾದ ಕರೋನಾದಿಂದ ಕಿತ್ತುಬರುವ ಪ್ಲಾಸ್ಮಾ ಮೋಡ. ಕಾಂತಕ್ಷೇತ್ರವನ್ನು ಹೊತ್ತೇ ಹೊರಡುವ ಈ ಮೋಡ ಭೂಮಿಯನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಭೂಕಾಂತೀಯ ಬಿರುಗಾಳಿ ಎಬ್ಬಿಸುವುದು ಇದೇ. ಮುನ್ಸೂಚನೆಗೆ ಇರುವ ಅವಕಾಶವೆಲ್ಲ ಆ ಒಂದರಿಂದ ಮೂರು ದಿನಗಳದ್ದು.

ಆದರೆ ಮೋಡ ಹೊರಟದ್ದನ್ನು ಕಾಣಬೇಕಲ್ಲ! ಸೂರ್ಯಬಿಂಬದ ಎದುರು ಕರೋನಾದ ಬೆಳಕು ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಪೂರ್ಣಗ್ರಹಣದ ಕೆಲವೇ ನಿಮಿಷ ಬಿಟ್ಟರೆ ಬರಿಗಣ್ಣಿಗೆ ಅದು ಕಾಣದು. ಬಿಂಬವನ್ನು ಮರೆಮಾಡಿ ಸದಾ ಗ್ರಹಣ ಹಿಡಿದಂತೆ ನೋಡುವ ಉಪಕರಣವೇ ಕರೋನಾಗ್ರಾಫ್. ಭಾರತದ ಆದಿತ್ಯ-ಎಲ್1 ನೌಕೆಯಲ್ಲಿರುವ ‘ವಿಇಎಲ್‌ಸಿ’ ಕರೋನಾಗ್ರಾಫನ್ನು ಜೋಡಿಸಿ, ಪರೀಕ್ಷಿಸಿದ್ದು ನಿಮ್ಮ ಹೊಸಕೋಟೆಯ ಬಳಿ, ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ. ಒಂದು ಧೂಳಿನ ಕಣ ಕೂತರೂ ಚದುರಿದ ಬೆಳಕು ಕರೋನಾವನ್ನು ನುಂಗಿಬಿಡುತ್ತದೆ. ಅದಕ್ಕೇ ಅಲ್ಲಿ ಧೂಳು ಸುಳಿಯದ ಕೊಠಡಿಗಳನ್ನು ಕಟ್ಟಿದರು. ಶಿಡ್ಲಘಟ್ಟ ರಸ್ತೆಯಲ್ಲಿ ದಿನವೂ ಓಡಾಡುವವರಿಗೂ ಇದು ತಿಳಿದಂತಿಲ್ಲ ಎಂಬುದು ನನಗೆ ಬೇಸರದ ಸಂಗತಿ. ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತಲ ಕಕ್ಷೆ ಸೇರಿತು. ಅದೇ ವರ್ಷ ಜುಲೈ 16ರಂದು ಒಂದು ಪ್ಲಾಸ್ಮಾ ಮೋಡ ಸೂರ್ಯನನ್ನು ಬಿಟ್ಟ ಹೊತ್ತನ್ನು ವಿಇಎಲ್‌ಸಿ ದತ್ತಾಂಶದಿಂದ ಲೆಕ್ಕ ಹಾಕಿದರು. ದೊಡ್ಡಬಳ್ಳಾಪುರ ದಾಟಿದರೆ ಸಿಗುವ ಗೌರಿಬಿದನೂರಿನಲ್ಲೂ ಇದೇ ಸಂಸ್ಥೆಯ ಆಂಟೆನಾಗಳು 1997ರಿಂದ ಕರೋನಾದ ರೇಡಿಯೊ ಚಿತ್ರ ತೆಗೆಯುತ್ತಿವೆ.

ಹೊರಟ ಹೊತ್ತು, ವೇಗ ತಿಳಿದರೂ ಒಂದು ತೊಡಕು ಉಳಿಯುತ್ತದೆ. ನಂದಿಬೆಟ್ಟದ ಮೇಲೆ ಕಪ್ಪಿಟ್ಟ ಮೋಡವೆಲ್ಲ ದೇವನಹಳ್ಳಿಗೆ ಮಳೆ ಸುರಿಸುವುದಿಲ್ಲ. ಇಲ್ಲೂ ಹಾಗೇ. ಮೋಡ ಹೊತ್ತು ತಂದ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡು ಬಿರುಗಾಳಿ ಜೋರಾಗುತ್ತದೆ. ಉತ್ತರಕ್ಕಿದ್ದರೆ ಬಹುಪಾಲು ಜಾರಿಹೋಗುತ್ತದೆ. ಆ ದಿಕ್ಕು ಖಚಿತವಾಗಿ ತಿಳಿಯುವುದು ಮೋಡ ಎಲ್1ರ ನೌಕೆಗಳನ್ನು ಹಾಯುವಾಗ. ಅಲ್ಲಿಂದ ಭೂಮಿಗೆ ಅದು ಅರ್ಧ ಗಂಟೆಯಿಂದ ಒಂದು ಗಂಟೆಯ ದಾರಿ. ಗಟ್ಟಿ ಎಚ್ಚರಿಕೆ ಸಿಗುವುದು ಅಷ್ಟು ಹೊತ್ತು ಮೊದಲು ಮಾತ್ರ. ದಿನಗಳ ಮುಂಚೆ ದಿಕ್ಕನ್ನು ಹೇಳುವುದೇ ಈ ಶಾಸ್ತ್ರದ ಬಗೆಹರಿಯದ ಕಗ್ಗಂಟು.

2024ರ ಮೇ 10-11ರ ಬಿರುಗಾಳಿ ಜಿ1ರಿಂದ ಜಿ5ರ ಅಳತೆಯಲ್ಲಿ ತುದಿಯ ಜಿ5 ಮುಟ್ಟಿತು. ಲಡಾಖಿನ ಹಾನ್ಲೆಯಲ್ಲಿ ಆ ರಾತ್ರಿ ಆಕಾಶ ಕೆಂಪಾದದ್ದನ್ನು ಕ್ಯಾಮೆರಾಗಳು ಹಿಡಿದವು. (ಹಾನ್ಲೆಯ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದೂ ಹೊಸಕೋಟೆಯಿಂದಲೇ.) ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತನೆ ಮಾಡುತ್ತಿದ್ದ ಟ್ರಾಕ್ಟರುಗಳು ಸಾಲು ತಪ್ಪಿ, ರೈತರು ಕೆಲಸ ನಿಲ್ಲಿಸಬೇಕಾಯಿತು.

ಇನ್ನು ಮೋಟರು. ಬಿರುಗಾಳಿ ನೆಲದಲ್ಲಿ ಹುಟ್ಟಿಸುವ ವಿದ್ಯುತ್ತು ನೂರಾರು ಕಿಲೋಮೀಟರ್ ಉದ್ದದ ಹೈಟೆನ್ಷನ್ ಲೈನುಗಳಿಗೆ ನುಗ್ಗಿ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳನ್ನು ಕಾಡುತ್ತದೆ. ಅದೂ ಹೆಚ್ಚಾಗಿ ಧ್ರುವಗಳ ಕಡೆಯ ನಾಡುಗಳಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1989ರ ಮಾರ್ಚ್ 13ರಂದು ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿತ್ತು. ನಾವಿರುವುದು ಕಾಂತೀಯ ಸಮಭಾಜಕದ ಹತ್ತಿರ. ಆ ಅಪಾಯ ನಮಗೆ ತೀರ ಕಡಿಮೆ. ನಿಮ್ಮ ಮೋಟರನ್ನು ಸುಡುವುದು ವೋಲ್ಟೇಜ್ ಏರಿಳಿತ ಮತ್ತು ಸಿಡಿಲು. ಸ್ಟಾರ್ಟರ್, ಅರ್ಥಿಂಗ್ ಸರಿಯಿವೆಯೇ ಎಂದು ನೋಡಿಕೊಳ್ಳಿ.

ನಮಗೆ ತಟ್ಟುವುದು ಬೇರೆ ಕಡೆ. ನಮ್ಮ ಮೇಲಿನ ಅಯಾನುಗೋಳ, ಅಂದರೆ ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶದ ಪದರ, ಮೊದಲೇ ಚಂಚಲ. ಬಿರುಗಾಳಿ ಅದನ್ನು ಕಲಕಿದರೆ ಜಿಪಿಎಸ್ ಲೆಕ್ಕ ತಪ್ಪಬಹುದು. ಹಗಲಿನ ಸೌರಜ್ವಾಲೆಗೆ ದೂರದ ವಿಮಾನಗಳ ಶಾರ್ಟ್‌ವೇವ್ ರೇಡಿಯೊ ಕೆಲವು ಹೊತ್ತು ಮೌನವಾಗಬಹುದು. ಇದರ ಚಿಂತೆ ವಿಮಾನ ನಡೆಸುವವರದು, ಉಪಗ್ರಹ ಕಾಯುವವರದು, ಡ್ರೋನ್ ಹಾರಿಸಿ ಜಮೀನು ಅಳೆಯುವವರದು.

ಮುಂದಿನ ಸಲ ಅಂಥ ಸಂದೇಶ ಬಂದರೆ, ಅದರಲ್ಲಿ ದಿನಾಂಕ ಇದೆಯೇ, ಜಿ ಅಳತೆ ಇದೆಯೇ, ಹೇಳಿದ ಸಂಸ್ಥೆಯ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ದಯವಿಟ್ಟು ಇನ್ನೊಬ್ಬರಿಗೆ ಕಳುಹಿಸಬೇಡಿ.